ಬಿಟ್ಟುಬಿಡುವುದು ಬೇರೆ, ಕ್ಷಮಿಸುವುದು ಬೇರೆ

(ಕ್ರಿಸ್ತರಾಜರ ಮಹೋತ್ಸವದ ಪ್ರಬೋಧನೆ)



ಇಂದು ಕ್ರಿಸ್ತರಾಜರ ಮಹೋತ್ಸವ. ಪೋಪ್ ಹನ್ನೊಂದನೆಯ ಪಿಯುಸ್ ಅವರು 1925ರಲ್ಲಿ ಈ ಹಬ್ಬವನ್ನು ಧರ್ಮಸಭೆಗೆ ಕೊಟ್ಟರು. ರಾಜನ ಹಬ್ಬವೆಂದರೆ ಸಿಂಹಾಸನ, ಕಿರೀಟ, ಮೆರವಣಿಗೆ ಕಣ್ಣ ಮುಂದೆ ಬರಬೇಕು. ಆದರೆ ಈಗ ತಾನೇ ನಾವು ಕೇಳಿದ ಸಂತ ಲೂಕರ ಶುಭಸಂದೇಶ ನಮ್ಮನ್ನು ಮರಣದಂಡನೆ ನಡೆಯುವ ಜಾಗಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ನಮ್ಮ ರಾಜನ ಎಡಬಲದಲ್ಲಿ ಮಂತ್ರಿಗಳಿಲ್ಲ. ಶಿಕ್ಷೆಗೆ ಗುರಿಯಾದ ಇಬ್ಬರು ಅಪರಾಧಿಗಳಿದ್ದಾರೆ.

ಆ ಇಬ್ಬರ ಬೇಡಿಕೆಗಳನ್ನು ಗಮನಿಸಿ. ಒಬ್ಬನು ತನ್ನನ್ನು ಇಲ್ಲಿಂದ ಪಾರುಮಾಡು ಎನ್ನುತ್ತಾನೆ. ತಾನು ಮಾಡಿದ ಕೃತ್ಯದ ಬಗ್ಗೆ ಅವನ ಬಾಯಲ್ಲಿ ಒಂದು ಮಾತೂ ಇಲ್ಲ. ಇನ್ನೊಬ್ಬನು ಪಾರುಮಾಡಿ ಎಂದು ಕೇಳುವುದೇ ಇಲ್ಲ. ತಮಗಾಗಿರುವ ಶಿಕ್ಷೆ ನ್ಯಾಯವಾದದ್ದೇ ಎಂದು ಒಪ್ಪಿಕೊಂಡು, ಆಮೇಲೆ ತನ್ನನ್ನು ನೆನೆಸಿಕೊಳ್ಳಿ ಎಂದಷ್ಟೇ ಬೇಡುತ್ತಾನೆ. ಯೇಸುಸ್ವಾಮಿ ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ. ಆದರೆ ಅಂದೇ ತಮ್ಮ ಜೊತೆಯಲ್ಲಿ ಸ್ವರ್ಗಧಾಮಕ್ಕೆ ಕರೆದುಕೊಂಡರು. ಶಿಕ್ಷೆಯೂ ಉಳಿಯಿತು, ಬಾಗಿಲೂ ತೆರೆಯಿತು.

ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯ? ನಮ್ಮ ಕಾಲದ ಒಬ್ಬ ಯುವಕನ ಬದುಕಿನಿಂದ ಇದನ್ನು ಅರಿಯಲು ಪ್ರಯತ್ನಿಸೋಣ.

ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. 2004ರ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆತ 6 ಚಿನ್ನ, 2 ಕಂಚು ಗೆದ್ದಾಗ ವಯಸ್ಸು 19. ಕಾಲೇಜು ಮೆಟ್ಟಿಲು ಹತ್ತುವ ಪ್ರಾಯ. ಕೋಚ್ ಜೊತೆ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಅಭ್ಯಾಸ, ಓದು ಎಂದು ಹೊಸ ಜೀವನ ಆರಂಭಿಸುತ್ತಿದ್ದ ಕಾಲ. ಮೂರೇ ತಿಂಗಳಲ್ಲಿ, ಅದೇ ನವೆಂಬರ್‌ನಲ್ಲಿ, ಮೇರಿಲ್ಯಾಂಡ್ ರಾಜ್ಯದ ಸಾಲ್ಸ್‌ಬರಿ ಎಂಬ ಊರಿನಲ್ಲಿ ಕುಡಿದು ಕಾರು ಓಡಿಸುತ್ತಿದ್ದಾಗ ಪೊಲೀಸರ ಕೈಗೆ ಸಿಕ್ಕಿಬಿದ್ದ. ಅಲ್ಲಿ 21 ವರ್ಷ ತುಂಬದವರು ಮದ್ಯ ಕೊಳ್ಳುವಂತೆಯೇ ಇಲ್ಲ.

ದೇಶಕ್ಕೆ ಪದಕ ತಂದ ಹುಡುಗ, ಮೊದಲ ತಪ್ಪು, ಯಾರಿಗೂ ಗಾಯವಾಗಿಲ್ಲ. ಬಿಟ್ಟುಬಿಡಬಹುದಿತ್ತಲ್ಲವೇ? ನ್ಯಾಯಾಲಯ ಬಿಟ್ಟುಬಿಡಲಿಲ್ಲ. ಸೆರೆಮನೆಗೂ ತಳ್ಳಲಿಲ್ಲ. ಆತ ತಪ್ಪೊಪ್ಪಿಕೊಂಡ. ನ್ಯಾಯಾಧೀಶರು ಅಪರಾಧಿ ಎಂಬ ತೀರ್ಪನ್ನು ದಾಖಲಿಸದೆ ತಡೆಹಿಡಿದು, 18 ತಿಂಗಳ ಕಾಲ ನಡತೆಯ ಮೇಲೆ ನಿಗಾ ಇಡಲು ಆದೇಶಿಸಿದರು. 250 ಡಾಲರ್ ದಂಡ ವಿಧಿಸಿದರು. ಪ್ರೌಢಶಾಲೆಯ ಮಕ್ಕಳ ಮುಂದೆ ನಿಂತು ಕುಡಿದು ವಾಹನ ಓಡಿಸುವುದರ ಅಪಾಯವನ್ನು ಹೇಳಬೇಕು ಎಂದರು. ಅದರ ಜೊತೆಗೆ, ಮದರ್ಸ್ ಅಗೇನ್ಸ್ಟ್ ಡ್ರಂಕ್ ಡ್ರೈವಿಂಗ್ ಎಂಬ ಸಂಸ್ಥೆಯ ಒಂದು ಸಭೆಗೆ ಹೋಗಿ ಕೂರಬೇಕೆಂದೂ ಆದೇಶವಾಯಿತು.

ಪ್ರಿಯರೇ, ಆ ಕೊನೆಯ ಷರತ್ತಿನ ಹಿಂದೆ ಒಬ್ಬ ತಾಯಿಯ ಕಣ್ಣೀರಿದೆ. 1980ರ ಮೇ 3ರಂದು ಕ್ಯಾಲಿಫೋರ್ನಿಯಾದ ಫೇರ್ ಓಕ್ಸ್ ಎಂಬಲ್ಲಿ 13 ವರ್ಷದ ಬಾಲಕಿಯೊಬ್ಬಳು ಚರ್ಚಿನ ಜಾತ್ರೆಗೆಂದು ರಸ್ತೆಬದಿಯಲ್ಲಿ ನಡೆದು ಹೋಗುತ್ತಿದ್ದಳು. ಹಿಂದಿನಿಂದ ಬಂದ ಕಾರು ಅವಳನ್ನು ಬಡಿದು, ನಿಲ್ಲದೆ ಹೋಯಿತು. ಚಾಲಕ ಕುಡಿದಿದ್ದ. ಇಂತಹ ಪ್ರಕರಣಗಳಲ್ಲಿ ಅವನು ಮೊದಲೇ ಹಲವು ಬಾರಿ ಸಿಕ್ಕಿಬಿದ್ದಿದ್ದ. ಕುಡಿದು ಗುದ್ದಿ ಓಡಿಹೋದ ಇನ್ನೊಂದು ಪ್ರಕರಣದಲ್ಲಿ ಜಾಮೀನು ಪಡೆದು ಹೊರಬಂದು ಕೆಲವೇ ದಿನಗಳಾಗಿದ್ದವು. ಆ ಬಾಲಕಿಯ ತಾಯಿ ಕ್ಯಾಂಡೇಸ್ ಲೈಟ್ನರ್ ಅದೇ ವರ್ಷ ಈ ಸಂಸ್ಥೆಯನ್ನು ಕಟ್ಟಿದರು. ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನ ಕಡಿತ ಮಾಡುವ ಕಾನೂನು 1984ರಲ್ಲಿ ಬಂದದ್ದು ಈ ತಾಯಂದಿರ ಹೋರಾಟದಿಂದ. 1982ರಲ್ಲಿ ಅಮೆರಿಕದಲ್ಲಿ ಕುಡಿದ ಚಾಲಕರಿಂದಾದ ಅಪಘಾತಗಳಲ್ಲಿ ಸುಮಾರು 21 ಸಾವಿರ ಜನ ಸತ್ತಿದ್ದರು. ಆ ಸಂಖ್ಯೆ ಮುಂದೆ ಬಹಳ ಇಳಿಯಿತು. ಆದರೂ 2022ರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಹೀಗೆಯೇ ಸತ್ತರು.

ಕ್ಯಾಲಿಫೋರ್ನಿಯಾದ ಆ ಚಾಲಕನನ್ನು ಮತ್ತೆ ಮತ್ತೆ ಹೊರಗೆ ಬಿಟ್ಟದ್ದು ಕರುಣೆಯೇ? ಅಲ್ಲ. ಅವನು ಏನಾಗುತ್ತಾನೆ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅಷ್ಟೇ. ಬಿಟ್ಟುಬಿಡುವುದಕ್ಕೆ ಪ್ರೀತಿ ಬೇಕಿಲ್ಲ, ಉದಾಸೀನ ಸಾಕು. ಕ್ಷಮಿಸುವುದಕ್ಕೆ ಪ್ರೀತಿ ಬೇಕು. ಕ್ಷಮಿಸುವವರು ಕೈ ಹಿಡಿದು ಸತ್ಯದ ಮುಂದೆ ನಿಲ್ಲಿಸುತ್ತಾರೆ. ನಿನ್ನಿಂದ ಯಾರಿಗೆ ಏನಾಗಬಹುದಿತ್ತು ನೋಡು ಎಂದು ತೋರಿಸುತ್ತಾರೆ. 19 ವರ್ಷದ ಹುಡುಗನನ್ನು ತಾಯಂದಿರ ಆ ಸಭೆಗೆ ಕಳುಹಿಸಿದ ನ್ಯಾಯಾಲಯ ಮಾಡಿದ್ದು ಇದನ್ನೇ.

ಹಾಗಾದರೆ ಆ ಹುಡುಗ ತಿದ್ದಿಕೊಂಡನೇ? ಕತೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ 8 ಚಿನ್ನ ಗೆದ್ದು ಆತ ಇತಿಹಾಸ ಬರೆದ. ಆದರೆ 2014ರ ಸೆಪ್ಟೆಂಬರ್ 30ರಂದು, 29ನೆಯ ವಯಸ್ಸಿನಲ್ಲಿ, ಬಾಲ್ಟಿಮೋರ್ ನಗರದಲ್ಲಿ ಅದೇ ತಪ್ಪಿಗಾಗಿ ಮತ್ತೆ ಬಂಧನ. ಗಂಟೆಗೆ 45 ಮೈಲಿ ಮಿತಿಯಿದ್ದ ಕಡೆ 84 ಮೈಲಿ ವೇಗ. ರಕ್ತದಲ್ಲಿ ಮದ್ಯದ ಅಂಶ ಶೇ. 0.14; ಕಾನೂನಿನ ಮಿತಿ ಶೇ. 0.08. ಈಜು ಸಂಸ್ಥೆ 6 ತಿಂಗಳು ಅಮಾನತು ಮಾಡಿತು. ಮರುವರ್ಷದ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. ಆ ದಿನಗಳಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದೆ, ಬದುಕುವ ಆಸೆಯೇ ಇರಲಿಲ್ಲ ಎಂದು ಮುಂದೆ ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ.

ಆಗ ಆತ ಅರಿಜೋನಾದ ಚಿಕಿತ್ಸಾ ಕೇಂದ್ರವೊಂದಕ್ಕೆ ಸೇರಿ ಸುಮಾರು 45 ದಿನ ಅಲ್ಲಿದ್ದ. ಗೆಳೆಯನಾದ ಫುಟ್‌ಬಾಲ್ ಆಟಗಾರ ರೇ ಲೂಯಿಸ್ ಕೊಟ್ಟಿದ್ದ, ಕ್ರೈಸ್ತ ಬೋಧಕರೊಬ್ಬರು ಬರೆದ ಪುಸ್ತಕವನ್ನು ಅಲ್ಲಿ ಓದಿದ. ಕುಟುಂಬದವರು ಬರುವ ವಾರದಲ್ಲಿ ತಂದೆಯನ್ನು ಕರೆಸಿಕೊಂಡ. ತಂದೆ ತಾಯಿ ಬೇರೆಯಾದಾಗ ಆತನಿಗೆ 9 ವರ್ಷ. ಅಂದಿನಿಂದ ತಂದೆ ಮಗನ ನಡುವೆ ಬೆಳೆದಿದ್ದ ಗೋಡೆ ಅಲ್ಲಿ ಒಡೆಯಿತು. ತಂದೆ ಒಂದು ಕಾಲದಲ್ಲಿ ಮೇರಿಲ್ಯಾಂಡ್‌ನ ಪೊಲೀಸ್ ಇಲಾಖೆಯಲ್ಲಿದ್ದವರು ಎಂಬುದನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಆ ಡಿಸೆಂಬರ್‌ನಲ್ಲಿ ನ್ಯಾಯಾಲಯ 1 ವರ್ಷದ ಸೆರೆವಾಸ ವಿಧಿಸಿ ಅದನ್ನು ಅಮಾನತಿನಲ್ಲಿಟ್ಟಿತು; ಅಧಿಕಾರಿಗಳ ಕಣ್ಗಾವಲಿನಲ್ಲಿ 18 ತಿಂಗಳು ಇರಬೇಕೆಂದಿತು. ಈ ಸಲ ಶಿಕ್ಷೆ ಹೆಚ್ಚಾಯಿತು, ಆದರೆ ಬಾಗಿಲು ಮುಚ್ಚಲಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ದೇಶದ ಧ್ವಜ ಹಿಡಿದು ಮುಂದೆ ನಡೆದವನು ಇದೇ ಫೆಲ್ಪ್ಸ್. ಅಲ್ಲಿ 5 ಚಿನ್ನ, 1 ಬೆಳ್ಳಿ. ಪದಕಕ್ಕಿಂತ ದೊಡ್ಡದು ಆಮೇಲಿನದು: ಖಿನ್ನತೆಯಿಂದ ಬಳಲುವವರು ಮೌನ ಮುರಿದು ಸಹಾಯ ಕೇಳಬೇಕೆಂದು ಆತ ಊರೂರಿನಲ್ಲಿ ಮಾತನಾಡತೊಡಗಿದ.

ಮೊದಲನೆಯ ಕರುಣೆ ವ್ಯರ್ಥವಾಯಿತು ಎನ್ನೋಣವೇ? ಪ್ರತಿ ಬಾರಿ ಪಾಪನಿವೇದನೆಗೆ ಬಂದು ಅದೇ ಪಾಪವನ್ನು ಹೇಳಿಕೊಳ್ಳುವ ನಾವು ಹಾಗೆನ್ನುವ ಹಾಗಿಲ್ಲ. ಅಲ್ಲಿ ನಮಗೆ ಕ್ಷಮೆ ಸಿಗುತ್ತದೆ. ಜೊತೆಗೆ ಪ್ರಾಯಶ್ಚಿತ್ತವೂ ಸಿಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮನೆಗೆ ಒಯ್ಯಲಾಗದು.

ಈಗ ನಮ್ಮ ಮನೆಗಳಿಗೆ ಬರೋಣ. ಇನ್ನು ಕೆಲವೇ ವಾರಗಳಲ್ಲಿ ಕ್ರಿಸ್ಮಸ್, ಹೊಸವರ್ಷ, ಆಮೇಲೆ ಮದುವೆಗಳ ಕಾಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಒದಗಿಸಿದವರು ನಮ್ಮ ಪ್ರಭು. ಆದ್ದರಿಂದ ಒಂದು ಲೋಟವೇ ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ಅಮಲಿನಲ್ಲೋ ವೇಗದ ಹುಚ್ಚಿನಲ್ಲೋ ರಸ್ತೆಯಲ್ಲಿ ತನ್ನ ಮತ್ತು ಪರರ ಪ್ರಾಣಕ್ಕೆ ಅಪಾಯ ತರುವವರು ಗಂಭೀರ ತಪ್ಪಿತಸ್ಥರು ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ 2290ನೆಯ ಕಂಡಿಕೆಯಲ್ಲಿ ಬೋಧಿಸುತ್ತದೆ. ನಮ್ಮ ದೇಶದ ಕಾನೂನೂ ಸಡಿಲವಾಗಿಲ್ಲ. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಾಂಶ ಮೀರಿದರೆ ಅಪರಾಧ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಮಿತಿ 80. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು.

ತಂದೆ ತಾಯಂದಿರೇ, ಒಂದು ರಾತ್ರಿ ಠಾಣೆಯಿಂದ ಫೋನ್ ಬಂದರೆ ನಿಮ್ಮ ಕೈ ಮೊದಲು ಯಾರ ನಂಬರನ್ನು ಹುಡುಕುತ್ತದೆ? ಗುರುತಿನ ಕಾರ್ಪೊರೇಟರ್, ಶಾಸಕರ ಆಪ್ತರು, ಯಾರ ಕೈ ಬಿಸಿ ಮಾಡಿದರೆ ಕೇಸು ಆಗದು ಎಂದು ಬಲ್ಲವರು. ಮಗ ಬೆಳಗಾಗುವುದರೊಳಗೆ ಮನೆಗೆ ಬರುತ್ತಾನೆ, ನಿಜ. ಆದರೆ ಅವನು ಆ ರಾತ್ರಿ ಕಲಿತ ಪಾಠ ಯಾವುದು? ಅಪ್ಪ ಇದ್ದಾನೆ, ದುಡ್ಡಿದೆ, ಏನೂ ಆಗುವುದಿಲ್ಲ ಎಂಬುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಮ್ಮನ್ನು ಇಲ್ಲಿಂದ ಪಾರುಮಾಡು ಎಂದ ಮೊದಲನೆಯ ಅಪರಾಧಿಯ ಪ್ರಾರ್ಥನೆಯನ್ನು ನಾವೇ ಅವನ ಬಾಯಿಗೆ ತುರುಕಿದಂತಾಗುತ್ತದೆ.

ಕೆಲವರು ಇಂತಹ ಸಂದರ್ಭದಲ್ಲಿ ಚರ್ಚಿನ ಲೆಟರ್‌ಹೆಡ್ ಮೇಲೆ ಒಂದು ಪತ್ರ ಕೊಡಿ ಫಾದರ್ ಎಂದು ಬರುತ್ತಾರೆ. ಹುಡುಗನ ಮನೆತನ ಗೊತ್ತು, ಇಂತಹ ಧರ್ಮಕೇಂದ್ರದವನು ಎಂದು ಬರೆದುಕೊಡಬಹುದು. ಕುಡಿದಿರಲಿಲ್ಲ ಎಂದು ಬರೆದುಕೊಡಲಾಗದು. ಆದರೆ ನ್ಯಾಯಾಲಯದ ದಿನ ನಿಮ್ಮ ಜೊತೆ ಬಂದು ಆ ಬೆಂಚಿನ ಮೇಲೆ ಕೂರುತ್ತೇನೆ, ಇದು ನನ್ನ ಮಾತು. ವಕೀಲರನ್ನು ಇಡಿ, ಅದು ಅವನ ಹಕ್ಕು. ಜಾಮೀನಿಗೆ ನಿಲ್ಲಿ. ದಂಡ ಕಟ್ಟಬೇಕಾದರೆ ಅವನ ದುಡಿಮೆಯಿಂದ ಕಟ್ಟಿಸಿ. ಕುಡಿತ ಚಟವಾಗಿದ್ದರೆ ನಾಚಿಕೆಪಡದೆ ಚಿಕಿತ್ಸೆಗೆ ಕರೆದೊಯ್ಯಿರಿ. ಮುಖ್ಯವಾಗಿ, ಅವನು ಹೇಳುವ ಮೊದಲ ಮಾತು ಸತ್ಯವಾಗಿರಲಿ.

ಇನ್ನೊಂದು ಮಾತು ಹೇಳದಿದ್ದರೆ ಈ ಹಬ್ಬಕ್ಕೆ ನ್ಯಾಯವಾಗದು. ಫೆಲ್ಪ್ಸ್‌ಗೆ ಒಳ್ಳೆಯ ವಕೀಲರಿದ್ದರು, ಚಿಕಿತ್ಸೆಗೆ ಹಣವಿತ್ತು, ಕಾಯುವ ಅಭಿಮಾನಿಗಳಿದ್ದರು. ಇವು ಯಾವುದೂ ಇಲ್ಲದ ಹುಡುಗನ ಗತಿಯೇನು? ಭಾರತದ ಸೆರೆಮನೆಗಳಲ್ಲಿ 2022ರ ಕೊನೆಗೆ ಇದ್ದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ವಿಚಾರಣೆ ಇನ್ನೂ ಮುಗಿಯದವರು. 21 ವರ್ಷದೊಳಗಿನವರನ್ನು ಸಾಧ್ಯವಾದಷ್ಟೂ ಸೆರೆಮನೆಗೆ ಕಳುಹಿಸದೆ ನಡತೆಯ ಮೇಲೆ ಬಿಡಬೇಕೆಂಬ ಕಾನೂನು ನಮ್ಮಲ್ಲಿ 1958ರಿಂದಲೇ ಇದೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಬಾಗಿಲು ಕಾನೂನಿನಲ್ಲಿದೆ, ಬಡವನನ್ನು ಆ ಬಾಗಿಲ ತನಕ ಕರೆದೊಯ್ಯುವವರು ಬೇಕು. ನಮ್ಮ ಧರ್ಮಕೇಂದ್ರದಲ್ಲಿ ವಕೀಲರಿದ್ದೀರಿ, ಸರ್ಕಾರಿ ನೌಕರರಿದ್ದೀರಿ, ವಿನ್ಸೆಂಟ್ ದೆ ಪೌಲ್ ಸಭೆಯವರಿದ್ದೀರಿ. ಸೆರೆಯಲ್ಲಿದ್ದಾಗ ನೀವು ನನ್ನನ್ನು ಕಾಣಲು ಬಂದಿರಾ ಎಂದು ಕಡೆಯ ದಿನ ಕೇಳುವವರು ಇದೇ ಕ್ರಿಸ್ತರಾಜರು. ತಪ್ಪು ಮಾಡದೆ ಸೆರೆಯಲ್ಲಿರುವವರನ್ನು ಮಾತ್ರ ಎಂಬ ಷರತ್ತನ್ನು ಅವರು ಹಾಕಿಲ್ಲ.

ಯುವಕ ಯುವತಿಯರೇ, ರಾತ್ರಿ ರಸ್ತೆಯಲ್ಲಿ ಕೈ ಅಡ್ಡಹಿಡಿದು ನಿಮ್ಮನ್ನು ನಿಲ್ಲಿಸುವ ಪೊಲೀಸರನ್ನು ಕಂಡರೆ ಸಿಟ್ಟು ಬರುತ್ತದೆ. ಆದರೆ ಮುಂದಿನ ತಿರುವಿನಲ್ಲಿ ಜಾತ್ರೆಗೆ ಹೊರಟ ಒಂದು ಮಗು ನಡೆದು ಹೋಗುತ್ತಿರಬಹುದು. ನಿಮ್ಮನ್ನು ತಡೆದ ಆ ಕೈ ಆ ಮಗುವನ್ನೂ ಕಾಪಾಡಿತು, ನಿಮ್ಮನ್ನೂ ಕಾಪಾಡಿತು. ಅದಕ್ಕಿಂತ ಮೊದಲೇ, ಕೀಲಿಕೈಯನ್ನು ಕುಡಿಯದ ಗೆಳೆಯನ ಕೈಗೆ ಕೊಡುವ ಧೈರ್ಯ ನಿಮಗಿರಲಿ.

ಶಿಲುಬೆಯ ಮೇಲಿಂದ ಆಳುವ ನಮ್ಮ ರಾಜರು ಯಾರನ್ನೂ ಸುಮ್ಮನೆ ಬಿಟ್ಟುಬಿಡುವುದಿಲ್ಲ, ಯಾರ ಕೈಯನ್ನೂ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ತಪ್ಪು ಮಾಡಿದ ಮಕ್ಕಳಿಗೂ, ಅವರಿಂದ ನೊಂದವರಿಗೂ, ತೀರ್ಪು ಕೊಡುವ ನ್ಯಾಯಾಧೀಶರಿಗೂ, ಸೆರೆಯಲ್ಲಿ ಕಾಯುತ್ತಿರುವವರಿಗೂ ಈ ಬಲಿಪೂಜೆಯಲ್ಲಿ ಪ್ರಾರ್ಥಿಸೋಣ. ಆಮೆನ್.