ಉಬ್ಬಸವೂ ಈಜೂ

ಕನ್ನಡದಲ್ಲಿ ದಮ್ಮು ಎಂಬ ಮಾತಿಗೆ ಎರಡು ಅರ್ಥಗಳುಂಟು. ಉಬ್ಬಸದ ರೋಗವೂ ದಮ್ಮು, ಮೈಯ ಕಸುವೂ ದಮ್ಮು. ಪಾರಸಿಯಲ್ಲಿ ಉಸಿರೆಂಬ ಅರ್ಥದ ಮಾತು ನಮ್ಮಲ್ಲಿಗೆ ಬಂದು ಹೀಗೆ ಕವಲೊಡೆಯಿತು. ಮೊದಲನೆಯದು ಇದ್ದವರಿಗೆ ಎರಡನೆಯದು ಇರಲಾರದೆಂದು ಬಗೆದು, ಉಬ್ಬಸದ ಮಕ್ಕಳನ್ನು ಆಟದಿಂದ, ಅದರಲ್ಲಿಯೂ ನೀರಿನಿಂದ, ದೂರವಿರಿಸುವ ಮನೆಗಳು ಇಂದಿಗೂ ಇವೆ. ನಾನೂ ಅಂಥ ಮನೆಯಲ್ಲಿ ಬೆಳೆದವನು. ಓರಗೆಯವರು ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುವಾಗ ನನಗೆ ಅವರ ಬಟ್ಟೆ ಕಾಯುವ ಕೆಲಸವಿತ್ತು.

ವೈದ್ಯಶಾಸ್ತ್ರದ ನಿಲುವು ಬೇರೆ. ಉಬ್ಬಸದಲ್ಲಿ ಶ್ವಾಸನಾಳಗಳು ಉರಿಯೂತದಿಂದ ಬಾತಿರುತ್ತವೆ, ಕೆರಳಿದಾಗ ಬಿಗಿದುಕೊಳ್ಳುತ್ತವೆ. ಓಡುವಾಗ ಬಾಯಿಂದ ಎಳೆದುಕೊಂಡ ಒಣಗಾಳಿ ಅವುಗಳ ತೇವವನ್ನು ಹೀರಿ ಕೆರಳಿಸುತ್ತದೆ. ಈಜುವವರಾದರೋ ನೀರಿನ ಮೇಲಣ ತೇವದ ಗಾಳಿಯನ್ನು ಉಸಿರಾಡುತ್ತಾರೆ. 2013ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 8 ಅಧ್ಯಯನಗಳನ್ನು ಪರಿಶೀಲಿಸಿ, ಉಬ್ಬಸ ಹತೋಟಿಯಲ್ಲಿರುವ ಮಕ್ಕಳಿಗೆ ಈಜು ಒಗ್ಗುತ್ತದೆ, ಶ್ವಾಸಕೋಶದ ಸಾಮರ್ಥ್ಯವನ್ನೂ ಮೈಯ ತ್ರಾಣವನ್ನೂ ಹೆಚ್ಚಿಸುತ್ತದೆ ಎಂದಿತು. ಉಳಿದ ವ್ಯಾಯಾಮಗಳಿಗಿಂತ ಈಜೇ ಮೇಲೆಂದು ಅದು ಹೇಳಲಿಲ್ಲ. ಈಜಿದರೆ ರೋಗವೇ ವಾಸಿಯಾದೀತೆಂದು ನಾವೂ ನಂಬಬಾರದು. ಅಮೆರಿಕದ ಏಮಿ ವ್ಯಾನ್ ಡೈಕನ್ ಬಾಲ್ಯದಲ್ಲಿ ಉಬ್ಬಸದ ಕಾರಣದಿಂದಲೇ ವೈದ್ಯರ ಸಲಹೆಯಂತೆ ನೀರಿಗಿಳಿದವರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 4 ಚಿನ್ನದ ಪದಕಗಳನ್ನು ಗೆದ್ದಾಗಲೂ ಅವರಿಗೆ ಉಬ್ಬಸವಿತ್ತು.

ನೀರಿಗಿಳಿಯಲು ಕೆಲವು ನಿಯಮಗಳುಂಟು. ದಿನನಿತ್ಯದ ಔಷಧವನ್ನು ತಪ್ಪಿಸಕೂಡದು. ಇಳಿಯುವ ಮುನ್ನ 10-15 ನಿಮಿಷ ಕೈಕಾಲಾಡಿಸಿ ಮೈಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ವೈದ್ಯರು ಸೂಚಿಸಿದ್ದರೆ ಇನ್‌ಹೇಲರನ್ನೂ ಮುಂಚಿತವಾಗಿ ಸೇದಬೇಕು. ಅದು ಕೊಳದ ಅಂಚಿನಲ್ಲಿ ಕೈಗೆಟಕುವಂತಿರಲಿ. ನೆಗಡಿಯಾದಾಗ, ಎದೆಯಲ್ಲಿ ಗೊರಗೊರ ಕೇಳಿಸಿದ ದಿನ ಇಳಿಯುವುದು ಸಲ್ಲದು. ಮಾಗಿಯ ಮುಂಜಾವಿನ ತಣ್ಣೀರು ಬೇಡ. ಒಬ್ಬರೇ ಈಜುವುದು, ಉಸಿರು ಬಿಗಿಹಿಡಿದು ಮುಳುಗಿರುವ ಪಂಥ, ಇವೆರಡೂ ಬೇಡ. ಕಲಿಸುವವರಿಗೆ ರೋಗದ ಸಂಗತಿ ತಿಳಿದಿರಬೇಕು. ಅದರಲ್ಲಿ ನಾಚಿಕೆಯೇನೂ ಇಲ್ಲ. ಎದೆ ಬಿಗಿದರೆ, ಕೆಮ್ಮು ಹತ್ತಿದರೆ, ಕೂಡಲೇ ಮೇಲೆ ಬಂದು ನೆಟ್ಟಗೆ ಕುಳಿತು ಔಷಧ ಸೇದಬೇಕು. ಆಗಲೂ ತಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಾಡಿನಡಿಯ ಕೊಳಗಳಲ್ಲಿ ಇನ್ನೊಂದು ತೊಡಕಿದೆ. ನೀರಿಗೆ ಹಾಕಿದ ಕ್ಲೋರಿನ್ನು ಈಜುವವರ ಬೆವರು ಮೂತ್ರಗಳೊಡನೆ ಸೇರಿ ಕ್ಲೋರಮೀನ್‌ಗಳಾಗುತ್ತವೆ. ಗಾಳಿಯಾಡದೆಡೆಯಲ್ಲಿ ಅವು ನೀರಿನ ಮೇಲೆಯೇ ನಿಂತು ಶ್ವಾಸನಾಳಗಳನ್ನು ಕೆರಳಿಸುತ್ತವೆ. ಮೂಗಿಗೆ ಅಡರುವ ಆ ವಾಸನೆಯನ್ನು ಶುಚಿತ್ವದ ಗುರುತೆಂದು ಭಾವಿಸುವವರು ಬಹಳ. ವಾಸ್ತವವಾಗಿ ಅದು ಕೊಳೆಯ ಗುರುತು. ಅಂಥಲ್ಲಿಂದ ಹಿಂದಿರುಗುವುದೇ ಲೇಸು. ಗಾಳಿಯಾಡುವ ಬಯಲಕೊಳವನ್ನು ಆರಿಸಿಕೊಳ್ಳಬೇಕು. ಉಬ್ಬಸವಿಲ್ಲದವರೂ ಮೈತೊಳೆದೇ ನೀರಿಗಿಳಿದರೆ ಪಕ್ಕದಲ್ಲಿ ಈಜುವ ಮಗುವಿಗೆ ಉಪಕಾರ ಮಾಡಿದಂತಾಗುತ್ತದೆ.

ಬೇಸಗೆಯ ರಜೆಗೆ ಮುನ್ನವೇ ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ದು, ಯಾವ ಔಷಧ, ಎಷ್ಟು ಹೊತ್ತು, ಎಂಥ ನೀರು ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ. ತಿಳಿದ ಮೇಲೆ ಅಂಜಿಕೆಯಿಂದ ತಡೆಯದಿರಿ.