ಉಪ್ಪುನೀರು ಬೇಡ, ಬಾಟಲಿ ತನ್ನಿ

ನಾನು ಹಾಸನದ ಕಡೆಯವನು. ಎಂಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸ ಹಿಡಿದು, ಈಗ ಕೋಲ್ಕತ್ತದ ಬಾರಾನಗರದಲ್ಲಿದ್ದೀನಿ. ನಾನು ಡಾಕ್ಟರ್ ಅಲ್ಲ. ಆದ್ರೂ ಮನೇಲಿ ಯಾರಾದ್ರೂ ವಿಷ ಕುಡಿದ್ರೆ ಮೊದಲ ಹತ್ತು ನಿಮಿಷ ಏನು ಮಾಡ್ಬೇಕು ಅಂತ ಇವತ್ತು ಹೇಳ್ತೀನಿ. ಯಾಕಂದ್ರೆ ಆ ಹತ್ತು ನಿಮಿಷದಲ್ಲಿ ನಾನು ದೊಡ್ಡ ತಪ್ಪು ಮಾಡೋದ್ರಲ್ಲಿದ್ದೆ.

ಮನೆಗೆ ಬಣ್ಣ ಹೊಡೆಸ್ತಿದ್ವಿ. ಉಳಿದ ಟರ್ಪೆಂಟೈನನ್ನ ನಾನೇ ಒಂದು ನೀರಿನ ಬಾಟಲಿಗೆ ಸುರಿದು ಅಡುಗೆಮನೆ ಮೂಲೆಯಲ್ಲಿಟ್ಟಿದ್ದೆ. ಎರಡೂವರೆ ವರ್ಷದ ಮಗಳು ನೀರು ಅಂದ್ಕೊಂಡು ಬಾಯಿಗಿಟ್ಟಳು. ಕೆಮ್ಮು ಶುರುವಾಯ್ತು. ಊರಿಗೆ ಫೋನ್ ಮಾಡಿದ್ರೆ ಅಮ್ಮ, "ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋ" ಅಂದ್ರು. ನಾನು ಲೋಟದಲ್ಲಿ ಉಪ್ಪು ಕದಡ್ತಿದ್ದೆ. ಗಲಾಟೆ ಕೇಳಿ ಪಕ್ಕದ ಮನೆ ಬೌದಿ ಓಡಿ ಬಂದ್ರು. ಬೌದಿ ಅಂದ್ರೆ ಬಂಗಾಳಿಯಲ್ಲಿ ಅತ್ತಿಗೆ. ಅವರು ನರ್ಸ್. ಲೋಟ ಕಿತ್ಕೊಂಡು ಸಿಂಕಿಗೆ ಸುರಿದ್ರು. "ಕೀ ಖೇಯೇಛೇ? ಬೋತಲ್‌ಟಾ ದಾವೋ!" ಅಂದ್ರು. ಏನು ಕುಡಿದಳು, ಬಾಟಲಿ ಕೊಡು ಅಂತ.

ಕಾರಣ ಆಮೇಲೆ ಗೊತ್ತಾಯ್ತು. ಟರ್ಪೆಂಟೈನ್, ಸೀಮೆಎಣ್ಣೆ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಅಪಾಯ. ವಾಂತಿ ಮಾಡಿಸಿದ್ರೆ ಉಸಿರಿನ ದಾರಿಗಿಳಿದು ನ್ಯುಮೋನಿಯಾ ಆಗಬಹುದು. ಆಸಿಡ್, ಟಾಯ್ಲೆಟ್ ಕ್ಲೀನರ್ ಆದ್ರೆ ಇಳಿಯುವಾಗ ಸುಟ್ಟಿದ್ದು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತೆ. ಉಪ್ಪು ಹೆಚ್ಚಾದ್ರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿನ ಮೆದುಳಿಗೇ ಪೆಟ್ಟು. ಮಗಳನ್ನ ಎರಡು ದಿನ ಆಸ್ಪತ್ರೆಯಲ್ಲಿಟ್ಟು ನೋಡಿದ್ರು. ಈಗ ಚೆನ್ನಾಗಿದ್ದಾಳೆ.

ಕೀಟನಾಶಕದ ಕಥೆ ಇನ್ನೂ ಬೇರೆ. 2018ರ ಡಿಸೆಂಬರ್ 14, ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ನಿಮಗೆ ನೆನಪಿರಬಹುದು. ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ತೀರಿಕೊಂಡ್ರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು. ಅದರಲ್ಲಿದ್ದದ್ದು ಮೊನೊಕ್ರೊಟೊಫಾಸ್ ಅನ್ನೋ ಕೀಟನಾಶಕ. ಇದು ನರಗಳ ಸಂದೇಶವನ್ನ ನಿಲ್ಲಿಸೋ ಕಿಣ್ವವನ್ನೇ ಕಟ್ಟಿಹಾಕುತ್ತೆ. ಜೊಲ್ಲು, ಬೆವರು, ವಾಂತಿ ಸುರಿಯುತ್ತೆ, ಕಣ್ಣಿನ ಪಾಪೆ ಚಿಕ್ಕದಾಗುತ್ತೆ, ಎದೆಯಲ್ಲಿ ನೀರು ತುಂಬಿ ಉಸಿರಾಟವೇ ನಿಂತುಹೋಗಬಹುದು. ಅಟ್ರೋಪಿನ್ ಮತ್ತು ವೆಂಟಿಲೇಟರ್ ಇರೋದು ಆಸ್ಪತ್ರೆಯಲ್ಲಿ. ಹಳ್ಳಿಯವರನ್ನ ನೂರು ಕಿಲೋಮೀಟರಿಗೂ ದೂರದ ಮೈಸೂರಿಗೆ ಸಾಗಿಸಬೇಕಾಯ್ತು. ಅಲ್ಲಿವರೆಗೆ ಉಸಿರು ಉಳಿಸೋದೇ ಜೊತೆಗಿದ್ದವರ ಕೆಲಸ.

ಹಾಗಾದ್ರೆ ಏನು ಮಾಡ್ಬೇಕು? ಮೊದಲು ಉಸಿರು ನೋಡಿ, 112ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದೆ ಉಸಿರಾಡ್ತಿದ್ರೆ ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ. ಉಸಿರು ನಿಂತಿದ್ರೆ ಸಿಪಿಆರ್ ಶುರು ಮಾಡಿ, ಆದ್ರೆ ಕೀಟನಾಶಕವಾಗಿದ್ರೆ ಬಾಯಿಗೆ ಬಾಯಿಟ್ಟು ಊದಬೇಡಿ. ಬಟ್ಟೆಗೆ ಚೆಲ್ಲಿದ್ರೆ ಕೈಗವಸು ಹಾಕ್ಕೊಂಡು ಬಟ್ಟೆ ಬಿಚ್ಚಿ, ಮೈಯನ್ನ ಸೋಪು ನೀರಿನಲ್ಲಿ ತೊಳೀರಿ. ಕಣ್ಣಿಗೆ ಬಿದ್ರೆ ಹದಿನೈದು ಇಪ್ಪತ್ತು ನಿಮಿಷ ನೀರು ಬಿಡಿ. ಬಾಟಲಿ, ಮಾತ್ರೆ ಸ್ಟ್ರಿಪ್ ಏನೇ ಇರಲಿ, ಜೊತೆಗೆ ತಗೊಂಡು ಹೋಗಿ. ಸರ್ವರ್ ಬಿದ್ದಾಗ ಲಾಗ್ ಅಳಿಸಿ ರೀಸ್ಟಾರ್ಟ್ ಮಾಡ್ತೀವಾ? ಇಲ್ಲ. ಇಲ್ಲಿ ಬಾಟಲಿಯೇ ಲಾಗ್.

ಇನ್ನೊಂದು ಮಾತು, ಪಿಜಿಯಲ್ಲಿ, ರೂಮಿನಲ್ಲಿ ಒಂಟಿಯಾಗಿರೋ ನಮ್ಮವರ ಬಗ್ಗೆ. ಗೆಳೆಯ ಹೆಚ್ಚು ಮಾತ್ರೆ ನುಂಗಿ "ಏನೂ ಆಗಿಲ್ಲ ಬಿಡೋ" ಅಂದ್ರೆ ನಂಬಬೇಡಿ. ಪ್ಯಾರಾಸಿಟಮಾಲ್ ನುಂಗಿದವರು ಮೊದಲ ದಿನ ಚೆನ್ನಾಗೇ ಇದ್ದಂತೆ ಕಾಣಬಹುದು, ಲಿವರ್ ಕೆಡೋದು ಆಮೇಲೆ. ಅದಕ್ಕೆ ಪ್ರತಿವಿಷ ಇದೆ, ಎಂಟು ಗಂಟೆಯೊಳಗೆ ಸಿಕ್ಕರೆ ಅತ್ಯುತ್ತಮ. ಬೈಬೇಡಿ, ಒಂಟಿಯಾಗಿ ಬಿಡಬೇಡಿ. ಶಿಕ್ಷೆಯಾಗುತ್ತೆ ಅನ್ನೋ ಭಯಕ್ಕೆ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡುತ್ತೆ. ಮನಸ್ಸು ಭಾರವಾಗಿದ್ರೆ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡಬಹುದು.

ಕೊನೆಯದಾಗಿ, ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, 24 ಗಂಟೆಯೂ: 1800 116 117. ಈಗಲೇ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ. ಇದ್ದೂರಿನ ಭಾಷೆಯಲ್ಲಿ "ವಿಷ ಕುಡಿದಿದ್ದಾರೆ" ಅನ್ನೋದನ್ನೂ ಕಲಿತಿಟ್ಕೊಳ್ಳಿ. ಬಂಗಾಳಿಯಲ್ಲಿ "ಬಿಷ್ ಖೇಯೇಛೇ". ಆಮೇಲೆ ಅಡುಗೆಮನೆಗೆ ಹೋಗಿ, ನೀರಿನ ಬಾಟಲಿಯಲ್ಲಿ ನೀರಲ್ಲದ್ದು ಏನಾದ್ರೂ ಇದೆಯಾ ಅಂತ ಒಮ್ಮೆ ನೋಡಿ.