ಪುಟದ ಕೆಳಗೆ ಕೂತವರು



ಈ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ 'ಹಿರಿಯ ಬ್ಲಾಗಿಗರು' ಎಂದು ಅಚ್ಚಾಗಿದೆ. ಓದಿ ನಗು ಬಂತು. ನಾನು ಬ್ಲಾಗ್ ಶುರುಮಾಡಿದ್ದು 2006ರಲ್ಲಿ. ಇಷ್ಟು ಬೇಗ ಹುಟ್ಟಿ, ಮೆರೆದು, ಮುದಿಯಾದ ಇನ್ನೊಂದು ಪ್ರಕಾರ ನಮ್ಮ ಸಾಹಿತ್ಯದಲ್ಲಿ ಇಲ್ಲವೇನೋ.

ಎರಡು ದಿನದ ಪ್ರಬಂಧಗಳ ಸಾರಾಂಶವನ್ನು ಸಂಚಾಲಕರು ಮೊದಲೇ ಕಳಿಸಿದ್ದರು. ಎಲ್ಲರೂ ಬ್ಲಾಗ್ ಬರಹಗಳನ್ನು ಶ್ರದ್ಧೆಯಿಂದ ಓದಿದ್ದೀರಿ. ಆದರೆ ಬರಹದ ಕೆಳಗಿನ ಕಾಮೆಂಟುಗಳನ್ನು ಯಾರೂ ಮುಟ್ಟಿದಂತಿಲ್ಲ. ನನ್ನ ತಕರಾರು ಅಷ್ಟೇ. ನಮ್ಮ ಬ್ಲಾಗಿಗರ ಗೆಳೆತನ ನಡೆದದ್ದು ಅಲ್ಲಿ. ಮೇಲಿದ್ದದ್ದು ಅದಕ್ಕೊಂದು ನೆಪ.

ಬ್ಲಾಗು ಹೀಗೆ ಜನರನ್ನು ಸೇರಿಸುವುದಕ್ಕೆ ಕನ್ನಡದ ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ. 2002ರಲ್ಲಿ ಬಾಗ್ದಾದಿನ ಯುವಕನೊಬ್ಬ 'ಸಲಾಂ ಪ್ಯಾಕ್ಸ್' ಎಂಬ ಹೆಸರಿನಲ್ಲಿ ಬ್ಲಾಗ್ ಬರೆಯತೊಡಗಿದ. ಜೋರ್ಡಾನಿನಲ್ಲಿದ್ದ ಅವನ ಗೆಳೆಯ ರಾಯಿದ್ ಇಮೇಲಿಗೆ ಉತ್ತರ ಬರೆಯುವುದರಲ್ಲಿ ಸೋಮಾರಿ. ಹಾಗಾಗಿ ಬ್ಲಾಗಿನ ಹೆಸರೇ 'ರಾಯಿದ್ ಎಲ್ಲಿ?' ಮರುವರ್ಷ ಅಮೆರಿಕದ ಬಾಂಬು ಬೀಳುವ ಹೊತ್ತಿಗೆ ಆ ಪ್ರಶ್ನೆಗೆ ರಾಯಿದ್‌ನನ್ನು ಕಂಡೇ ಇರದ ದೇಶವಿದೇಶದವರು ಕಿವಿಗೊಟ್ಟಿದ್ದರು. ಒಬ್ಬನನ್ನು ಕರೆದದ್ದಕ್ಕೆ ಊರೇ ಓಗೊಟ್ಟಿತ್ತು.

ಕನ್ನಡ ಬ್ಲಾಗಿಗರಾದ ನಮ್ಮ ಊರು ಚಿಕ್ಕದು, ಕಷ್ಟವೂ ಬೇರೆ ಥರದ್ದು. ಕನ್ನಡ ಟೈಪು ಮಾಡುವ 'ಬರಹ' ತಂತ್ರಾಂಶ 1998ರಲ್ಲೇ ಬಂದಿತ್ತು. ಆದರೆ ಟೈಪು ಮಾಡಿದ ಕನ್ನಡ ಇನ್ನೊಬ್ಬರ ಪರದೆಯಲ್ಲಿ ಕಾಣಬೇಕಾದರೆ ಅವರ ಹತ್ತಿರವೂ ಅದೇ ಫಾಂಟ್ ಇರಬೇಕಿತ್ತು. ಯೂನಿಕೋಡ್ ಬಂದ ಮೇಲೂ ವಿಂಡೋಸ್ ಎಕ್ಸ್‌ಪಿಯಲ್ಲಿ ಸಿಡಿ ಹಾಕಿ ಭಾರತೀಯ ಭಾಷೆಗಳನ್ನು ಬೇರೆಯಾಗಿ ಸೇರಿಸಿಕೊಳ್ಳದಿದ್ದರೆ ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ. ನನ್ನ ಬ್ಲಾಗಿಗೆ ಬಂದ ಮೊದಲ ಕಾಮೆಂಟು ಇಂಗ್ಲಿಷ್ ಲಿಪಿಯಲ್ಲಿತ್ತು: 'ಬರೀ ಡಬ್ಬಿ ಕಾಣ್ತಿದೆ ಸಾರ್, ಏನು ಮಾಡೋದು?' ಉತ್ತರ ನನಗೂ ಗೊತ್ತಿರಲಿಲ್ಲ. ಮೂರನೆಯವರೊಬ್ಬರು ಬಂದು ಹಂತಹಂತವಾಗಿ ಬರೆದುಕೊಟ್ಟರು. ಅದೇ ಸಂಜೆ ಮೊದಲಿನವರು ಕನ್ನಡದಲ್ಲೇ ಬರೆದರು: 'ಕಾಣ್ತು!' ನಮ್ಮನ್ನು ಮೊದಲು ಒಂದುಗೂಡಿಸಿದ್ದು ಕನ್ನಡಾಭಿಮಾನ ಎಂದು ಭಾಷಣಗಳಲ್ಲಿ ಹೇಳುತ್ತೇವೆ. ನನ್ನನ್ನು ಕೇಳಿದರೆ, ಆ ಡಬ್ಬಿಗಳು.

ಆಮೇಲೆ ನಂಟು ಬೆಳೆಯಿತು. ಪುಟದ ಪಕ್ಕದಲ್ಲಿ 'ಇವರನ್ನೂ ಓದಿ' ಎಂಬ ಪಟ್ಟಿ. ಅದರಿಂದ ಒಬ್ಬರ ಹೆಸರು ತೆಗೆದರೆ ಮದುವೆಗೆ ಕರೆಯದಷ್ಟು ಮುನಿಸು. ಬೆಂಗಳೂರಿನಲ್ಲಿ ಮೊದಲ ಸಲ ಒಂದಷ್ಟು ಜನ ಎದುರುಬದುರಾದಾಗ ಯಾರೂ ಹುಟ್ಟುಹೆಸರು ಹೇಳಲಿಲ್ಲ. ಬ್ಲಾಗಿನ ಹೆಸರು ಹೇಳಿದ ಕೂಡಲೇ 'ಓ, ನೀವಾ!' ಎಂದು ಕೈಹಿಡಿಯುತ್ತಿದ್ದರು. ನನ್ನ ಮಗುವಿಗೆ ಜ್ವರ ಬಂದದ್ದು, ಅದು ಬಿಟ್ಟದ್ದು ಅವರಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯವರಿಗೆ ಗೊತ್ತಿರಲಿಲ್ಲ.

ಇದನ್ನು ತೀರಾ ಸಿಹಿಯಾಗಿ ಹೇಳಿ ಮುಗಿಸಲಾರೆ. ಓದುಗರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬ್ಲಾಗಿಗರೇ. ನಾನು ನಿಮ್ಮಲ್ಲಿ 'ಸೂಪರ್' ಎಂದರೆ ನೀವು ನನ್ನಲ್ಲಿ 'ಮನ ಮುಟ್ಟಿತು' ಎನ್ನಬೇಕು. ಒಮ್ಮೆ ಗೆಳೆಯನ ಕವಿತೆಗೆ 'ಕೊನೆಯ ನಾಲ್ಕು ಸಾಲು ಬೇಡವಿತ್ತು' ಎಂದು ಬರೆದೆ. ಎಂಟು ತಿಂಗಳು ಅವನು ನನ್ನ ಕಡೆ ತಲೆಹಾಕಲಿಲ್ಲ. ವಿಮರ್ಶೆಯನ್ನು ಈ ಗೆಳೆತನ ಮೆಲ್ಲಗೆ ಕೊಂದಿತು. ಇನ್ನು 'ನಾವು' ಎಂದರೆ ಯಾರು? ಆಫೀಸಿನಲ್ಲಿ ಕಂಪ್ಯೂಟರು, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಬಿಡುವು, ಬಿಟ್ಟುಬಂದ ಒಂದು ಊರು, ಈ ಮೂರೂ ಇದ್ದವರು. ಅದಕ್ಕೇ ನಮ್ಮ ಬ್ಲಾಗುಗಳಲ್ಲಿ ಅಷ್ಟೊಂದು ಮಳೆ, ಅಷ್ಟೊಂದು ಅಜ್ಜಿಯರು. ಊರಲ್ಲೇ ಉಳಿದು ಆ ಮಳೆಯಲ್ಲಿ ನೆನೆಯುತ್ತಿದ್ದವರು ಅಲ್ಲಿರಲಿಲ್ಲ.

ನಾನೂ ಅಜ್ಜಿಯ ಬಗ್ಗೆ ಬರೆದವನೇ. ಕಳಲೆ ಪಲ್ಯದ ನೆನಪು. ಹೆಚ್ಚಿದ ಕಳಲೆಯನ್ನು ಎರಡು ದಿನ ನೀರಲ್ಲಿ ನೆನೆಹಾಕುತ್ತಿದ್ದರು ಎಂದು ಬರೆದಿದ್ದೆ. ಹೂವಿನ ಹೆಸರಿಟ್ಟುಕೊಂಡಿದ್ದ ಓದುಗರೊಬ್ಬರು ಡಲ್ಲಾಸಿನಿಂದ ಕೇಳಿದರು: 'ಎರಡೇ ದಿನವಾ? ನಮ್ಮಲ್ಲಿ ಮೂರು, ದಿನಾ ನೀರು ಬದಲಿಸಬೇಕು. ನಿಮ್ಮಜ್ಜಿ ಬೈತಿರಲಿಲ್ವಾ?' ಅಮ್ಮನಿಗೆ ಫೋನು ಮಾಡಿದೆ. ಮೂರೇ. ತಿದ್ದಿದೆ. ಅಲ್ಲಿಂದ ನಾಲ್ಕು ವರ್ಷ ಅವರು ನನ್ನ ಅಜ್ಜಿಯ ತಪ್ಪುಒಪ್ಪುಗಳನ್ನು ನೋಡಿಕೊಂಡರು. ತಮ್ಮದೇ ಬ್ಲಾಗ್ ಇಲ್ಲದ, ಆದ್ದರಿಂದ ನನ್ನಿಂದ ಏನನ್ನೂ ಬಯಸದ ಓದುಗರು ಅವರೊಬ್ಬರೇ. ನಾವು ಭೇಟಿಯಾಗಲಿಲ್ಲ. ನಿಜವಾದ ಹೆಸರು ಇಂದಿಗೂ ತಿಳಿಯದು. ಆ ಬರಹಗಳನ್ನೆಲ್ಲ ಕಟ್ಟಿ ಪುಸ್ತಕ ಮಾಡುವಾಗ ಪ್ರಕಾಶಕರು ಕಾಮೆಂಟು ಬೇಡ ಎಂದರು, ನಾನೂ ಹೂಂ ಎಂದೆ. ಪುಸ್ತಕದಲ್ಲಿ ಈಗ ನಾನೊಬ್ಬನೇ ಮಾತಾಡುತ್ತಿದ್ದೇನೆ. ಓದಿದರೆ ಫೋನಿನಲ್ಲಿ ಒಂದು ಕಡೆಯ ಮಾತು ಮಾತ್ರ ಕೇಳಿಸಿಕೊಂಡಂತಾಗುತ್ತದೆ.

ಕಾಮೆಂಟುಗಳು ಬರಹಗಳಷ್ಟು ಬಾಳಿಕೆಯವೂ ಅಲ್ಲ. ಬ್ಲಾಗರ್‌ನಲ್ಲಿ 2013ರಿಂದ ಗೂಗಲ್ ಪ್ಲಸ್ ಮೂಲಕ ಕಾಮೆಂಟು ಹಾಕಬಹುದಿತ್ತು. 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗ ಹಾಗೆ ಬರೆದವೆಲ್ಲ ಅಳಿಸಿಹೋದವು. ಮೇಲಿನ ಬರಹ ನಿಂತಿದೆ, ಕೆಳಗೆ ಕೂತಿದ್ದವರು ಎದ್ದು ಹೋಗಿದ್ದಾರೆ. ಹಾಗಾಗಿ ಉಳಿದದ್ದನ್ನಾದರೂ ಬೇಗ ಎತ್ತಿಡಿ ಎಂದು ಕೇಳಿಕೊಳ್ಳಬೇಕೆಂದೇ ಬಂದೆ.

ಹಾಗೆ ಹೇಳುವ ನನಗೇ ಒಂದು ತೊಡಕಿದೆ. ಡಲ್ಲಾಸಿನವರ ಕಾಮೆಂಟುಗಳನ್ನೆಲ್ಲ ನಾನು ಒಂದು ವರ್ಡ್ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು ಅದನ್ನು ಕೇಳಿದಳು. ಅನುಮತಿ ಕೇಳೋಣವೆಂದು ಅವರ ಹಳೆಯ ಇಮೇಲ್ ವಿಳಾಸಕ್ಕೆ ಬರೆದೆ. ವಿಳಾಸವೇ ಇಲ್ಲವೆಂದು ವಾಪಸು ಬಂತು. ಅವರು ಬರೆದದ್ದು ಎಲ್ಲರಿಗೂ ಕಾಣುವ ಜಾಗದಲ್ಲಿ, ನಿಜ. ಆದರೆ ಬರೆದದ್ದು ನನಗೆ. ತಮ್ಮ ಮನೆಯ ವಿಷಯವನ್ನೂ ಒಂದೆರಡು ಕಡೆ ಹೇಳಿಕೊಂಡಿದ್ದಾರೆ. ಫೈಲು ಈ ಜೇಬಿನ ಪೆನ್‌ಡ್ರೈವ್‌ನಲ್ಲಿದೆ. ಆ ಹುಡುಗಿ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಮಧ್ಯಾಹ್ನದ ಗೋಷ್ಠಿಯಲ್ಲಿ ನೀವೆಲ್ಲ ಇದೊಂದನ್ನು ಚರ್ಚಿಸಿ. ನಾನು ಸಂಜೆಯವರೆಗೂ ಇಲ್ಲೇ ಇರುತ್ತೇನೆ.